ದೇವದಾಸಿ ತಾಯಂದಿರ ಸಭೆಯಲ್ಲಿ ಹಳೆಯದನ್ನು ಕೆದಕಬೇಕೇ?

ಪ್ರಶ್ನೆ (ಸುರಪುರ, ಯಾದಗಿರಿ ಜಿಲ್ಲೆ)
ನಮ್ಮ ಊರಿನ ಮಾಜಿ ದೇವದಾಸಿ ತಾಯಂದಿರ ಸಂಘದ ಲೆಕ್ಕಪತ್ರವನ್ನು ನಾನು ನೋಡಿಕೊಳ್ಳುತ್ತೇನೆ. ಈಚೆಗೆ ಹೊರಗಿನಿಂದ ಬಂದ ಆಪ್ತಸಮಾಲೋಚಕರೊಬ್ಬರು, ಮುತ್ತು ಕಟ್ಟಿ ದೇವರಿಗೆ ಬಿಟ್ಟಿದ್ದು ಯಾವ ವಯಸ್ಸಿನಲ್ಲಿ, ಆಮೇಲೆ ಏನೇನಾಯಿತು ಎಂದು ಎಲ್ಲರೆದುರಿಗೇ ಒಬ್ಬೊಬ್ಬರನ್ನಾಗಿ ಕೇಳಿದರು. ನಡುವೆ ಎದ್ದುಹೋದ ಒಬ್ಬ ಅವ್ವ ಮತ್ತೆ ಸಭೆಗೆ ಬಂದಿಲ್ಲ. ರಾತ್ರಿ ನಿದ್ದೆಯಿಲ್ಲ, "ಎದಿ ಧಡಧಡ ಅಂತದ" ಎನ್ನುತ್ತಾರೆ. ಊರಿನವರಾದ ನಾವು ಅವರಿಗೆ ಹೇಗೆ ಆಸರೆಯಾಗಬಹುದು?

ಉತ್ತರ (ಸಮಾಜ ಕಾರ್ಯಕರ್ತೆ, ಕಲಬುರಗಿ)
ನಡೆದುದನ್ನು ಹೇಳುವಂತೆ ಯಾರನ್ನೂ ಒತ್ತಾಯಿಸಬಾರದು. ವಿಶ್ವ ಆರೋಗ್ಯ ಸಂಸ್ಥೆಯು 2011ರಲ್ಲಿ ಹೊರತಂದ ಮಾನಸಿಕ ಪ್ರಥಮ ಚಿಕಿತ್ಸೆಯ ಕೈಪಿಡಿಯೂ ಇದನ್ನೇ ಹೇಳುತ್ತದೆ. ತನ್ನ ದೇಹದ ಮೇಲೆ ತನಗೇ ಹಕ್ಕಿಲ್ಲದಂತೆ ಬೆಳೆದವರನ್ನು ತುಂಬಿದ ಸಭೆಯಲ್ಲಿ ಹೀಗೆ ಕೇಳಿದರೆ ಅದೇ ಅಸಹಾಯಕತೆ ಮರುಕಳಿಸುತ್ತದೆ. ನಿದ್ದೆಗೇಡು, ಎದೆಬಡಿತ ಅದರಿಂದಲೇ ಬಂದಿರಬಹುದು, ಆದರೂ ರಕ್ತದೊತ್ತಡವನ್ನೂ ರಕ್ತಹೀನತೆಯನ್ನೂ ಒಮ್ಮೆ ಆಸ್ಪತ್ರೆಯಲ್ಲಿ ತೋರಿಸಿ. ಅವರಿಗೆ ಬೇಕಾದವರೊಬ್ಬರು ಮನೆಗೆ ಹೋಗಿ ಕುಳಿತು ಬರಲಿ. ಏನು ಮಾತಾಡಬೇಕು, ಎಲ್ಲಿಗೆ ನಿಲ್ಲಿಸಬೇಕು ಎಂಬುದು ಆ ಅವ್ವನ ಇಚ್ಛೆಯಂತೆಯೇ ನಡೆಯಲಿ. ನಿಮ್ಮ ಹಾಜರಿ ಪುಸ್ತಕದಲ್ಲಿ 'ಗಂಡನ ಹೆಸರು' ಎಂಬ ಕಾಲಂ ಇದ್ದರೆ ದಯವಿಟ್ಟು ತೆಗೆದುಬಿಡಿ. ಪ್ರತಿ ಸಭೆಯಲ್ಲೂ ಆ ಖಾಲಿ ಜಾಗ ಅವರನ್ನು ಚುಚ್ಚುತ್ತದೆ.

ಉತ್ತರ (ಯಾದಗಿರಿ)
ಅಕ್ಕಾರೆ, ದೇವದಾಸಿ ತಾಯಿಯ ಮಗಳಾಗಿ ಹೇಳುತ್ತೇನೆ. ನಮ್ಮವ್ವನ ಸಂಕಟದಲ್ಲಿ ದೊಡ್ಡ ಪಾಲು ಇಂದಿನದು. 1982ರ ಕಾಯ್ದೆ ಮುತ್ತು ಕಟ್ಟುವುದನ್ನು ನಿಷೇಧಿಸಿತು, ನಿಜ. ಆದರೆ 1993–94 ಮತ್ತು 2007–08ರಲ್ಲಿ ಸರ್ಕಾರ ನಡೆಸಿದ ದೇವದಾಸಿಯರ ಸಮೀಕ್ಷೆಗಳಲ್ಲಿ ಹೆಸರು ಬಿಟ್ಟುಹೋದವರು ಪಿಂಚಣಿಗಾಗಿ ಕಚೇರಿಯಿಂದ ಕಚೇರಿಗೆ ಅಲೆದು, ತಾವು ದೇವದಾಸಿಯರೇ ಎಂದು ಅಪರಿಚಿತರ ಮುಂದೆ ಹೇಳಿಕೊಳ್ಳಬೇಕಾಯಿತು. ಅಂಥ ಕಡೆ ಅವರೊಬ್ಬರನ್ನೇ ಕಳಿಸದೆ ಸಂಘದವರು ಜೊತೆಗೆ ಹೋಗುವುದನ್ನು ನಾನು ಚಿಕಿತ್ಸೆಯ ಭಾಗವೆಂದೇ ಎಣಿಸುತ್ತೇನೆ.

ಉತ್ತರ (ಶುಶ್ರೂಷಕಿ, ಬೀದರ್)
ಇಬ್ಬರ ಮಾತನ್ನೂ ಒಪ್ಪುತ್ತೇನೆ. ಆದರೆ ಎಲ್ಲವನ್ನೂ ಸಂಘವೇ ಹೊರಲಾಗದು. ಸಾಯುವ ಮಾತು ಬಂದರೆ ಅವರನ್ನು ಒಂಟಿಯಾಗಿ ಬಿಡದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416ಕ್ಕೆ ಹಗಲಿರುಳೆನ್ನದೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರ ತಪಾಸಣೆ ನಡೆಯುತ್ತದೆ. ಹೊರಡುವ ಮುನ್ನ ನಿಮ್ಮ ಆಸ್ಪತ್ರೆಯಲ್ಲಿ ವಿಚಾರಿಸಿಕೊಳ್ಳಿ. ರೋಗಿಯ ಮಾಹಿತಿಯನ್ನು ಗುಟ್ಟಾಗಿಡಬೇಕೆಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ವೈದ್ಯರನ್ನು ಕಟ್ಟಿಹಾಕಿದೆ. ಅದೇ ಕಟ್ಟುಪಾಡನ್ನು ನೀವೂ ಪಾಲಿಸಿ, ಅವ್ವ ಹೇಳಿದ್ದು ಸಂಘದ ವರದಿಯಲ್ಲಾಗಲಿ ವಾಟ್ಸ್‌ಆ್ಯಪ್ ಗುಂಪಿನಲ್ಲಾಗಲಿ ಕಾಣಿಸದಿರಲಿ.