ಮನೆಗೆ ಹಳೆಯ ಚಿತ್ರದ ಆಯಿಲ್ ಕಾಪಿ ಬರೆಸೋದು: ಏನೇನು ನೋಡಬೇಕು?

ಪ್ರಶ್ನೆ (ದಾವಣಗೆರೆಯ ಸದಸ್ಯೆ): ಸರ್, ಹೊಸ ಮನೆಯ ಹಾಲ್‌ಗೆ ಕೈಯಲ್ಲೇ ಬರೆದ ಆಯಿಲ್ ಪೇಂಟಿಂಗ್ ಹಾಕಬೇಕು ಅಂತಿದ್ದೀವಿ. ಮೈಸೂರು ಜಗನ್ಮೋಹನ ಅರಮನೆಯಲ್ಲಿ ರವಿವರ್ಮರ ದೀಪ ಹಿಡಿದ ಹೆಂಗಸಿನ ಚಿತ್ರ ಇದೆಯಲ್ಲ, ಅದು ನಮ್ಮ ಯಜಮಾನರಿಗೆ ತುಂಬ ಇಷ್ಟ. ಒಬ್ಬರು ಮೊಬೈಲಿಗೆ ಫೋಟೊ ಕಳಿಸಿ, ಹತ್ತು ದಿನದಲ್ಲಿ ವಾರ್ನಿಷ್ ಹಾಕಿ ಫ್ರೇಮ್ ಸಮೇತ ಕೊಡ್ತೀನಿ ಅಂದಿದ್ದಾರೆ. ಅವರಿಗೆ ಕೆಲಸ ಒಪ್ಪಿಸಬಹುದಾ?

ಉತ್ತರ (ಕಾಪಿ ಚಿತ್ರ ಬರೆಯುವ ಕಲಾವಿದರು): ಮೇಡಂ, ಆ ಚಿತ್ರ ರವಿವರ್ಮರದ್ದಲ್ಲ. ಮೈಸೂರಿಗೆ ಹೋಗಿಬಂದವರಲ್ಲೂ ಅರ್ಧ ಜನ ಹಾಗೇ ತಿಳಿದಿರ್ತಾರೆ. ರವಿವರ್ಮ ತೀರಿಕೊಂಡದ್ದು 1906ರಲ್ಲಿ. ದೀಪದ ಹೆಂಗಸನ್ನು ಬರೆದವರು ಸಾವಂತವಾಡಿಯ ಎಸ್. ಎಲ್. ಹಲ್ದಣಕರ್, ಅದೂ 1940ರ ದಶಕದಲ್ಲಿ. ಇನ್ನೊಂದು ವಿಷಯ, ಅದು ಆಯಿಲ್ ಅಲ್ಲವೇ ಅಲ್ಲ, ಜಲವರ್ಣ.

ಈ ವ್ಯತ್ಯಾಸ ನಿಮ್ಮ ಗೋಡೆಯ ಮೇಲೂ ಕಾಣುತ್ತೆ. ಜಲವರ್ಣದಲ್ಲಿ ಬೆಳಕು ಅಂದರೆ ಕಾಗದದ ಬಿಳುಪು. ತೆಳು ಬಣ್ಣದ ಅಡಿಯಿಂದ ಅದು ಹೊಳೆಯುತ್ತೆ. ದೀಪಕ್ಕೆ ಅಡ್ಡ ಹಿಡಿದ ಅಂಗೈಯಲ್ಲಿ, ಬೆರಳುಗಳ ಸಂದಿಯಲ್ಲಿ ಕಾಣುವ ಕೆಂಪು ಬಂದಿರೋದು ಹಾಗೆ. ಆಯಿಲ್‌ನಲ್ಲಿ ಅದನ್ನೇ ತರಬೇಕಾದರೆ ಮೊದಲು ಬೆಳಕು-ನೆರಳನ್ನಷ್ಟೇ ಬರೆದು ಒಣಗಿಸಿ, ಅದರ ಮೇಲೆ ಎಣ್ಣೆ ಬೆರೆಸಿದ ಪಾರದರ್ಶಕ ಬಣ್ಣವನ್ನು ಪದರ ಪದರವಾಗಿ ಕೊಡಬೇಕು. ಒಂದೊಂದು ಪದರ ಒಣಗಲೂ ದಿನಗಟ್ಟಲೆ ಬೇಕು. ಹತ್ತು ದಿನದಲ್ಲಿ ಕೊಡುವವರು ಬಿಳಿಗೆ ಹಳದಿ ಕಲಸಿ ಮೆತ್ತುತ್ತಾರೆ. ಆಗ ಅಂಗೈ ಸುಣ್ಣ ಬಳಿದ ಹಾಗೆ ಕಾಣುತ್ತೆ.

ಕಾನೂನಿನ ಮಾತೂ ಇದೆ. ನಮ್ಮಲ್ಲಿ ಕಲಾವಿದರು ತೀರಿಕೊಂಡ ಮೇಲೆ 60 ವರ್ಷ ಕಾಪಿರೈಟ್ ಇರುತ್ತೆ. ಹಲ್ದಣಕರ್ ತೀರಿಕೊಂಡದ್ದು 1968ರಲ್ಲಿ, ಅಂದರೆ 2028ರ ಕೊನೆಯವರೆಗೆ ಆ ಚಿತ್ರಕ್ಕೆ ಹಕ್ಕುದಾರರು ಇರ್ತಾರೆ. ಅಂಗಡಿಗಳಲ್ಲಿ ಧಾರಾಳವಾಗಿ ಮಾರ್ತಾರೆ, ಗೊತ್ತು. ಆದರೂ ಯಾರಾದರೂ ಕೇಳಿದರೆ ನಾನು 2029ಕ್ಕೆ ಬನ್ನಿ ಅಂತೀನಿ.

ಪ್ರಶ್ನೆ (ಅದೇ ಸದಸ್ಯೆ): ಅಯ್ಯೋ, ಇಷ್ಟು ವರ್ಷ ರವಿವರ್ಮ ಅಂತಲೇ ಅಂದುಕೊಂಡಿದ್ವಿ! ಹಾಗಾದರೆ ರವಿವರ್ಮರದ್ದೇ ಯಾವುದಾದರೂ ಹೇಳಿ. ಅದೇ ಅರಮನೆಯಲ್ಲಿ ಸಂಗೀತಗಾರ್ತಿಯರ ಗುಂಪಿನ ಚಿತ್ರ ಇದೆಯಲ್ಲ, ಅದು ಆಗುತ್ತಾ? ನಾಲ್ಕಡಿ ಗೋಡೆ.

ಉತ್ತರ: ರವಿವರ್ಮರಿಗೆ ಕಾಪಿರೈಟ್ ತೊಂದರೆ ಇಲ್ಲ, ಮಾಧ್ಯಮವೂ ಆಯಿಲ್ಲೇ. ಆದರೆ ಆ ಚಿತ್ರದಲ್ಲಿ ಹನ್ನೊಂದು ಹೆಂಗಸರಿದ್ದಾರೆ. ಒಬ್ಬೊಬ್ಬರದೂ ಒಂದೊಂದು ಸೀಮೆಯ ಉಡುಗೆ. ಅದನ್ನು ಚಿಕ್ಕದು ಮಾಡಿದರೆ ಮುಖಗಳು ಹೆಬ್ಬೆರಳಿನಷ್ಟಾಗುತ್ತವೆ, ಕಣ್ಣು ಒಂದು ಕೂದಲೆಳೆ ಆಚೀಚೆಯಾದರೂ ಬೇರೆ ಯಾರೋ ಆಗಿಬಿಡ್ತಾರೆ. ಕಾಪಿಗೆ ನಾವು ದುಡ್ಡು ಕೇಳೋದು ಚದರಡಿ ಲೆಕ್ಕದಲ್ಲಿ ಅಂತ ಜನ ಅಂದುಕೊಳ್ತಾರೆ. ಅಸಲಿಗೆ ಮುಖ ಮತ್ತು ಕೈ ಎಣಿಸಿ ಕೇಳೋದು. ಸೀರೆಯ ಜರಿ ಯಾರು ಬೇಕಾದರೂ ಬರೀತಾರೆ. ನಿಮ್ಮ ಗೋಡೆಗೆ 'ಹಂಸ ದಮಯಂತಿ'ಯಂಥ ಒಂಟಿ ಆಕೃತಿ ಸಾಕು.

ಯಾರ ಹತ್ತಿರ ಬರೆಸಿದರೂ 'ಯಾವ ಫೋಟೊ ನೋಡಿ ಬರೀತೀರಿ?' ಅಂತ ಕೇಳಿ. ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಶಿಲಾಮುದ್ರಣದ, ಅಂದರೆ ಕಲ್ಲಿನ ಮೇಲೆ ಚಿತ್ರ ಬರೆದು ಅಚ್ಚೊತ್ತುವ ಪ್ರೆಸ್ ಹಾಕಿದರು. ಲಕ್ಷ್ಮಿ, ಸರಸ್ವತಿ ಮನೆಮನೆಯ ಗೋಡೆಗೆ ಬಂದದ್ದು ಅಲ್ಲಿಂದ. ಇವತ್ತು ನೆಟ್‌ನಲ್ಲಿ ಸಿಗುವ ಎಷ್ಟೋ ಚಿತ್ರಗಳು ಆ ಅಚ್ಚಿನವು: ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು, ಮೇಲೆ ನೂರು ವರ್ಷದ ಹಳದಿ. ಅದನ್ನು ನೋಡಿ ಬರೆದರೆ ಕ್ಯಾನ್ವಾಸಿಗೆ ಇಳಿಯೋದು ಆ ಹಳದಿಯೇ. ಮೂಲ ಚಿತ್ರ ಇರುವ ಮ್ಯೂಸಿಯಂನವರೇ ತೆಗೆಸಿದ ದೊಡ್ಡ ಫೋಟೊ ಇದ್ದವರ ಹತ್ತಿರ ಮಾತ್ರ ಹೋಗಿ.

ಪ್ರಶ್ನೆ (ಉಡುಪಿಯ ಸದಸ್ಯರು): ಆನ್‌ಲೈನ್‌ನಲ್ಲಿ ಕೈಯಲ್ಲಿ ಬರೆದದ್ದು ಅಂತ ಹೇಳಿ ಪ್ರಿಂಟ್ ಕಳಿಸ್ತಾರಂತೆ. ಗೊತ್ತಾಗೋದು ಹೇಗೆ? ನಮ್ಮ ಕಡೆಯ ಮಳೆಗೆ ಆಯಿಲ್ ತಡೆಯುತ್ತಾ?

ಉತ್ತರ: ಭೂತಕನ್ನಡಿ ಹಿಡಿದು ನೋಡಿ. ಪ್ರಿಂಟ್ ಆದರೆ ಸಣ್ಣ ಚುಕ್ಕೆಗಳು ಕಾಣುತ್ತವೆ. ಕೆಲವರು ಪ್ರಿಂಟ್ ಮೇಲೆ ಪಾರದರ್ಶಕ ಜೆಲ್ ಬಳಿದು ಬ್ರಷ್ ಗೆರೆ ಎಳೀತಾರೆ. ಅಲ್ಲಿ ಗೆರೆ ಒಂದು ಕಡೆ ಹೋದರೆ ಬಣ್ಣ ಇನ್ನೊಂದು ಕಡೆ ಹೋಗಿರುತ್ತೆ. ಪ್ರಿಂಟ್ ಮೇಲೇ ಅಲ್ಲಲ್ಲಿ ಆಯಿಲ್ ತಿದ್ದಿದರೆ ಹಿಡಿಯೋದು ಕಷ್ಟ. ಅದಕ್ಕೆ ಬರೆಯುವಾಗಲೇ ಮಧ್ಯೆ ಮಧ್ಯೆ ಫೋಟೊ ಕಳಿಸಿ ಅನ್ನಬೇಕು, ಮೊದಲ ಸ್ಕೆಚ್ಚಿನಿಂದಲೇ.

ಕರಾವಳಿಯಲ್ಲಿ ಆಯಿಲ್ ಇಡಬಹುದು. ಮಳೆ ಹೊಡೆಯುವ ಹೊರಗೋಡೆಗೆ ಮಾತ್ರ ಬೇಡ. ಫ್ರೇಮಿನ ನಾಲ್ಕು ಮೂಲೆಗೂ ಹಿಂದೆ ಕಾರ್ಕ್ ತುಂಡು ಅಂಟಿಸಿ, ಗೋಡೆಗೂ ಕ್ಯಾನ್ವಾಸಿಗೂ ನಡುವೆ ಗಾಳಿ ಆಡಲಿ. ಬೂಸ್ಟು ಮೊದಲು ಹಿಡಿಯೋದು ಹಿಂದಿನ ಬಟ್ಟೆಗೆ, ಮಳೆಗಾಲದಲ್ಲಿ ಆಗಾಗ ತಿರುಗಿಸಿ ನೋಡ್ತಾ ಇರಿ. ಕ್ಯಾನ್ವಾಸ್ ಸಡಿಲವಾದರೆ ಮರದ ಚೌಕಟ್ಟಿನ ಮೂಲೆಯ ಬೆಣೆಗಳನ್ನು ಸ್ವಲ್ಪ ಒಳಕ್ಕೆ ತಟ್ಟಿದರಾಯಿತು. ಅದಕ್ಕೇ ಬೆಣೆ ಇರುವ ಚೌಕಟ್ಟು ಕೇಳಿ ಮಾಡಿಸಿ. ದೇವರ ದೀಪದ ಹತ್ತಿರ ಹಾಕಬೇಡಿ, ಮಸಿ ಕೂರುತ್ತೆ. ಒದ್ದೆ ಬಟ್ಟೆಯಲ್ಲಿ ಒರೆಸಲೇಬೇಡಿ, ಮೆತ್ತನೆಯ ಒಣ ಬ್ರಷ್ ಸಾಕು.

ಪ್ರಶ್ನೆ (ಮತ್ತೊಬ್ಬರು): ಕೆಳಗೆ ರವಿವರ್ಮರ ಸಹಿಯನ್ನೂ ಹಾಗೇ ಹಾಕಿಸಬಹುದಾ? ನೋಡೋಕೆ ಚೆನ್ನಾಗಿರುತ್ತೆ.

ಉತ್ತರ: ನಾನು ಹಾಕಲ್ಲ. ನಿಮ್ಮ ಮೊಮ್ಮಕ್ಕಳು ಅದನ್ನು ಅಸಲಿ ಅಂತ ಮಾರೋಕೆ ಹೊರಟರೆ ಏನು ಗತಿ? ಪ್ಯಾರಿಸ್‌ನ ಲೂವ್ರ್ ಮ್ಯೂಸಿಯಂನಲ್ಲಿ ಕೂತು ಕಾಪಿ ಮಾಡುವವರೂ ಮೂಲದ ಸಹಿ ಬರೆಯೋ ಹಾಗಿಲ್ಲ, ಅಳತೆಯೂ ಐದನೇ ಒಂದು ಭಾಗವಾದರೂ ಹೆಚ್ಚುಕಡಿಮೆ ಇರಬೇಕು. ಕ್ಯಾನ್ವಾಸಿನ ಹಿಂದೆ ಮೂಲ ಚಿತ್ರದ ಹೆಸರು, 'ಕಾಪಿ' ಅನ್ನೋ ಮಾತು, ಬರೆದವರ ಹೆಸರು, ವರ್ಷ ಇಷ್ಟು ಬರೆಸಿಕೊಳ್ಳಿ.

ಪ್ರಶ್ನೆ (ದಾವಣಗೆರೆಯ ಸದಸ್ಯೆ): ದಮಯಂತಿಯೇ ಆಗಲಿ ಸರ್. ಗೃಹಪ್ರವೇಶಕ್ಕೆ ಎರಡು ತಿಂಗಳಿದೆ, ವಾರ್ನಿಷ್ ಹಾಕಿಯೇ ಕೊಡಿ ಅನ್ನಲಾ?

ಉತ್ತರ: ಚಿತ್ರ ಸಿಗುತ್ತೆ, ಕೊನೆಯ ವಾರ್ನಿಷ್ ಆಗಲ್ಲ. ಮುಟ್ಟಿದರೆ ಅಂಟದಿದ್ದರೂ ಬಣ್ಣ ಒಳಗೆ ಪೂರ್ತಿ ಒಣಗೋಕೆ ಆರು ತಿಂಗಳಿಂದ ವರ್ಷ ಬೇಕು. ಈಗ ತೆಳುವಾಗಿ ರಿಟಚ್ ವಾರ್ನಿಷ್ (ಪೂರ್ತಿ ಒಣಗುವ ಮೊದಲೇ ಹಾಕಬಹುದಾದ ತಾತ್ಕಾಲಿಕ ವಾರ್ನಿಷ್) ಹಾಕಿಸಿ, ಗಾಜು ಬೇಡ. ಮುಂದಿನ ವರ್ಷ ಬಂದು ವಾರ್ನಿಷ್ ಮಾಡಿಕೊಡೋದನ್ನೂ ಈಗಿನ ಬಿಲ್ಲಿನಲ್ಲೇ ಬರೆಸಿಕೊಳ್ಳಿ.