ಸಾಲ ತೀರಿದ್ರ ನಿದ್ದಿ ಬರ್ತದೇನ್ರಿ?

ಪ್ರಶ್ನೆ (ಆಳಂದ ತಾಲೂಕಿನಿಂದ, ಹೆಸರು ಬೇಡ ಅಂದಿದ್ದಾರೆ):
ನಮಸ್ಕಾರ್ರಿ ಡಾಕ್ಟರ್ ಸಾಹೇಬ್ರ. ನಾ ಗೌಂಡಿ ಕೆಲ್ಸದಂವ. ಮುಂಬೈದಾಗ ಹನ್ನೊಂದ್ ವರ್ಷ ದುಡ್ದೆ. 2020ರಾಗ ಲಾಕ್‌ಡೌನ್ ಬಿತ್ತು, ಮೇ ತಿಂಗ್ಳಾಗ ಊರಿಗಿ ಬಂದೆ, ಹದಿನಾಲ್ಕ್ ದಿನ ಸಾಲಿಯೊಳಗ ಇಟ್ರು. ಹೆಣ್ತಿ ಬೋರಮಾಳ ಅಡವಿಟ್ಟು ವರ್ಷ ತೆಗ್ದೆ. ಆಮ್ಯಾಲ ಸಂಘದ ಸಾಲ, ಅದು ತೀರ್ಸಲಾಕ ಇನ್ನೊಂದು. ರೋಗ ಹೋಯ್ತು, ಸಾಲ ಹೋಗಿಲ್ರಿ. ಈಗ ಊರಾಗೇ ಕೆಲ್ಸ ಸಿಗ್ತದ, ಖರೇ ಹೋಗ್ಲಾಕ ಮನಸಿಲ್ಲ. ಕರಣಿ ಮಾಡದಾಗ ತುಕ್ಕು ಹಿಡ್ದದ. ರಾತ್ರಿ ಮೂರಕ್ಕ ಎಚ್ಚರ ಆಗ್ತದ, ಎದಿ ಢವಢವ. ಮಂಗಳವಾರ ಕಂತಿನವ್ರು ಬರ್ತಾರಂತ ಜ್ವಾಳದ ಹೊಲದಾಗ ಹೋಗಿ ಕುಂದರ್ತೀನಿ. ಇದು ರೋಗನಾ, ಬರೇ ಸಾಲದ ಚಿಂತೀನಾ?

ಉತ್ತರ (ಮನೋವೈದ್ಯರು, ಕಲಬುರಗಿ):
ಅಣ್ಣಾವ್ರೆ, ಚಿಂತೆಯಾಗಿ ಶುರುವಾಗಿದ್ದು ಈಗ ಕಾಯಿಲೆ ಆಗಿದೆ ಅನಿಸ್ತದೆ. ನಾಳೆ ಯಾರೋ ಬಂದು ಸಾಲವೆಲ್ಲ ತೀರಿಸಿದ್ರು ಅಂದ್ಕೊಳ್ಳಿ, ನಾಡಿದ್ದು ಕರಣಿ ಹಿಡೀತೀರಾ? ‘ಇಲ್ಲ’ ಅನಿಸಿದ್ರೆ ಅದು ಖಿನ್ನತೆ. ನಸುಕಿಗೂ ಮುಂಚೆ ಎಚ್ಚರವಾಗೋದು, ಕೈಗೆ ಬಂದ ಕೆಲಸವೂ ಬೇಡ ಅನಿಸೋದು ಅದರದೇ ಗುರುತು.

ದೇಶದ ಮೊದಲ ಕೊರೋನಾ ಸಾವು 2020ರ ಮಾರ್ಚ್‌ನಲ್ಲಿ ನಮ್ಮ ಕಲಬುರಗಿಯಲ್ಲೇ ಆಗಿದ್ದು. ಆಗ ಎಲ್ಲರ ಗಮನ ಉಸಿರಿನ ಮೇಲೆ, ಮನಸ್ಸಿನ ಮಾತು ಕೇಳೋರು ಕಡಿಮೆ. ಕಂತಿಗೆ ಆಗಸ್ಟ್‌ವರೆಗೆ ವಿನಾಯಿತಿ ಅಂತ ರಿಸರ್ವ್ ಬ್ಯಾಂಕ್ ಹೇಳಿತು, ಆದ್ರೆ ಬಡ್ಡಿ ಓಡ್ತಾನೇ ಇತ್ತು. ನಿಮ್ಮಂಥ ಎಷ್ಟೋ ಮಂದಿ ಸಿಕ್ಕಿಬಿದ್ದದ್ದು ಅಲ್ಲೇ. ಅದಕ್ಕೂ ನಿಮ್ಮ ಗಂಡಸ್ತನಕ್ಕೂ ಸಂಬಂಧ ಇಲ್ಲ.

ತಾಲೂಕು ಆಸ್ಪತ್ರೆಗೆ ಮನೋವೈದ್ಯರು ಬರೋದೂ ಮಂಗಳವಾರವೇ, ಮನೋಚೈತನ್ಯ ಅಂತ ಸರ್ಕಾರದ ಕಾರ್ಯಕ್ರಮ. ಯಾವ ಮಂಗಳವಾರ ಅಂತ ಕೇಳ್ಕೊಂಡು, ಹೊಲ ಬಿಟ್ಟು ಅಲ್ಲಿಗೆ ಬನ್ನಿ. ಎದೆ ಢವಢವಕ್ಕೆ ಇಸಿಜಿ, ಥೈರಾಯ್ಡ್ ಮೊದಲು ನೋಡಿಸಿ. ಗುಳಿಗೆಯಿಂದ ಸಾಲ ತೀರಲ್ಲ, ಆದ್ರೆ ನಿದ್ದೆಗೆಟ್ಟವನಿಗೆ ಸಾಲದ ಲೆಕ್ಕ ಹಾಕಲಿಕ್ಕೂ ಆಗಲ್ಲ. ಒಂದು ರಾತ್ರಿ ಹೆಂಡತಿ ಜೊತೆ ಕೂತು, ಯಾರಿಗೆ ಎಷ್ಟು ಅಂತ ಒಂದೇ ಹಾಳೆ ಮೇಲೆ ಬರೀರಿ. ಮನೆಗೆ ಬಂದು ಬೆದರಿಸಿ ವಸೂಲಿ ಮಾಡೋದು 2025ರ ಕಿರುಸಾಲ ಕಾನೂನಿನ ಪ್ರಕಾರ ಅಪರಾಧ, ಠಾಣೆಗೆ ಹೋಗಬಹುದು.

ಇನ್ನೊಂದು ಕೇಳಲೇಬೇಕು: ‘ಸತ್ರೆ ಸಾಕು’ ಅನಿಸ್ತದಾ? ಅನಿಸಿದ್ರೆ ಮಂಗಳವಾರದ ತನಕ ಕಾಯಬೇಡಿ. 14416ಕ್ಕೆ ಫೋನ್ ಹಚ್ಚಿ, ಹಗಲು ರಾತ್ರಿ ಕನ್ನಡದಲ್ಲೇ ಮಾತಾಡ್ತಾರೆ, ಪುಕ್ಕಟೆ. ಮನೆಯಲ್ಲಿ ಬೆಳೆಗೆ ಹೊಡೆಯೋ ಎಣ್ಣೆ ಔಷಧ ಇದ್ರೆ ಬೇರೆಯವರ ಕೈಗೆ ಕೊಡಿ.

ಇನ್ನೊಬ್ಬರು (ಆಟೋ ಚಾಲಕರ ಪತ್ನಿ, ಶಹಾಬಾದ):
ಸರ್, ಆ ಗುಳಿಗಿ ಚಟ ಆಗ್ತದಂತಲ್ರಿ? ನಮ್ಮನಿಯವ್ರು ಅದ್ಕಂಜಿ ದಿನಾ ಕ್ವಾರ್ಟರ್ ಕುಡದು ಮಕ್ಕೋತಾರ.

ಉತ್ತರ:
ಅಕ್ಕಾರೆ, ಚಟ ಹತ್ತೋದು ಆ ಕ್ವಾರ್ಟರ್! ಕುಡಿದ್ರೆ ಕಣ್ಣು ಬೇಗ ಮುಚ್ತದೆ, ನಡುರಾತ್ರಿ ಮತ್ತೆ ಬಿಡ್ತದೆ. ಖಿನ್ನತೆ ಗುಳಿಗೆ ಹಿಡೀಲಿಕ್ಕೆ ಎರಡರಿಂದ ನಾಲ್ಕು ವಾರ ಬೇಕು, ಚಟ ಆಗಲ್ಲ. ಆದ್ರೆ ಚೀಟಿ ಇಲ್ಲದೆ ಮೆಡಿಕಲ್‌ನಲ್ಲಿ ತರೋ ನಿದ್ದೆಗುಳಿಗೆ ಚಟ ಆಗ್ತದೆ. ದಿನಾ ಕುಡಿಯೋರು ಒಮ್ಮೆಲೇ ನಿಲ್ಲಿಸಬಾರದು, ಫಿಟ್ಸ್ ಬರಬಹುದು. ಡಾಕ್ಟರ್ ಕೇಳಿಯೇ ಬಿಡಿಸಿ.

ಮೊದಲು ಕೇಳಿದವರು (ಮೂರು ದಿನದ ಮ್ಯಾಲೆ):
ಹಾಳಿ ಮ್ಯಾಲ ಬರ್ದೇವ್ರಿ. ನಾಕು ಕಡಿ ಸಾಲ ಅಂದ್ಕೊಂಡಿದ್ದೆ, ಐದು ಕಡಿ ಅದ. ಒಂದು ಆಕಿ ತವರಾಗ ತಂದಿದ್ಳಂತ, ನನಗ ಹೇಳಿದ್ದಿಲ್ಲ. ಆಕಿಗೂ ನಿದ್ದಿ ಇಲ್ಲಂತ್ರಿ.

ಉತ್ತರ:
ಇಬ್ಬರೂ ಬನ್ನಿ.