ಟೆಕ್ಸಾಸ್‌ಗೆ ಹೋಗೋದಾ ಬೇಡ್ವಾ? ಅಲ್ಲಿರುವವರು ಅನುಭವ ಹೇಳಿ

ಮಲ್ಲಿಗೆ_ಎಡಿಸನ್
ಎಲ್ಲರಿಗೂ ನಮಸ್ಕಾರ. ನಾವು ನ್ಯೂಜೆರ್ಸಿಯಲ್ಲಿದ್ದೇವೆ. ಡಲ್ಲಾಸ್ ಅಥವಾ ಹ್ಯೂಸ್ಟನ್, ಎರಡರಲ್ಲಿ ಒಂದು ಆರಿಸಿಕೊಳ್ಳಿ ಅಂತ ಯಜಮಾನರ ಆಫೀಸಿನಲ್ಲಿ ಹೇಳಿದ್ದಾರೆ. ಮಗಳು ಮೂರನೇ ಕ್ಲಾಸು. ಅತ್ತೆಗೆ 74 ವರ್ಷ, ನಮ್ಮ ಜೊತೆಗೇ ಇದ್ದಾರೆ. ಕಾರು ಓಡಿಸಲ್ಲ, ಸಂಜೆ ನಡೆದು ಹೋಗಿ ಯಾರ ಹತ್ತಿರವಾದರೂ ಮಾತಾಡದಿದ್ದರೆ ಅವರಿಗೆ ಆಗಲ್ಲ. ಮನೆ ತಗೊಳ್ಳೋದಾ, ಬಾಡಿಗೆಗೆ ಇರೋದಾ? ಜನ, ರಾಜಕೀಯ, ಶಾಲೆ ಹೇಗೆ? ನಾಲ್ಕನೇ ಕ್ಲಾಸಿನಲ್ಲಿ ಟೆಕ್ಸಾಸ್ ಇತಿಹಾಸ ಕಲಿಸ್ತಾರಂತೆ, ಅದೇನು ಅಷ್ಟು ದೊಡ್ಡದಾ?

ಎರೆಭೂಮಿ_ಪ್ಲೇನೋ
ಮನೆ ತಗೊಳ್ಳುವ ಮೊದಲು ಮಣ್ಣು ನೋಡಿ. ನಾನು ಗದಗಿನವನು, ಆದರೂ ಇಲ್ಲಿ ಎರೆಮಣ್ಣು ಇದೆ ಅಂತ ಯಾರೂ ಹೇಳಲಿಲ್ಲ. ಡಲ್ಲಾಸಿನಿಂದ ಆಸ್ಟಿನ್ ಕಡೆಗೆ ಇಳಿಯುವ ಬ್ಲ್ಯಾಕ್‌ಲ್ಯಾಂಡ್ ಪಟ್ಟಿಯಲ್ಲಿ ಎಲ್ಲ ಅದೇ. ಮಳೆಗೆ ಉಬ್ಬುತ್ತದೆ, ಆಗಸ್ಟಿನಲ್ಲಿ ಕೈ ಇಳಿಯುವಷ್ಟು ಬಿರುಕು. ನಮ್ಮ ಅಡುಗೆಮನೆ ಬಾಗಿಲು ಹಾಕಲು ಬರುತ್ತಿರಲಿಲ್ಲ, ಕಿಟಕಿ ಮೂಲೆಯಿಂದ ಸೂರಿನವರೆಗೆ ಗೋಡೆ ಸೀಳಿತ್ತು. ಫೌಂಡೇಶನ್ ಕೆಳಗೆ 22 ಪಿಯರ್, ಅಂದರೆ ಆಧಾರದ ಕಂಬ, ಒಂದಕ್ಕೆ 450 ಡಾಲರ್, ಒಟ್ಟು 9,900. ಎತ್ತುವಾಗ ಕೆಳಗಿನ ಪೈಪು ಒಡೆಯಿತು, ಅದಕ್ಕೆ 6,800. ಇಂಜಿನಿಯರ್ ರಿಪೋರ್ಟಿಗೆ 600 ಬೇರೆ. ಬಿಲ್ಡರ್ ಕೇಳಿದರೆ 'ನೀವು ಫೌಂಡೇಶನ್ನಿಗೆ ನೀರು ಹಾಕಿಲ್ಲ' ಅಂದ. ಹೌದು ಮೇಡಂ, ಇಲ್ಲಿ ಮನೆಯ ಸುತ್ತ ಪೈಪು ಹಾಸಿ ಬುಡಕ್ಕೆ ನೀರು ಬಿಡ್ತಾರೆ, ತೆಂಗಿನ ಗಿಡಕ್ಕೆ ಬಿಟ್ಟ ಹಾಗೆ.

ಈ ಊರಿನ ಕಥೆ ಇರೋದೂ ಆ ಮಣ್ಣಿನಲ್ಲೇ. 1870ರ ದಶಕದಲ್ಲಿ ರೈಲು ಬಂದ ಮೇಲೆ ಇಲ್ಲೆಲ್ಲ ಹತ್ತಿ. ಬೆಳೆದವರಲ್ಲಿ ಬಹಳ ಜನ ಪಾಲಿಗೆ ಉತ್ತು ಸಾಲದಲ್ಲೇ ಸತ್ತರು, ಕರಿಯರೂ ಬಡ ಬಿಳಿಯರೂ. ನಮ್ಮ ಧಾರವಾಡ ಸೀಮೆಗೆ ಕಂಪನಿ ಸರ್ಕಾರ 1840ರ ದಶಕದಲ್ಲಿ ಅಮೆರಿಕದ ಬೀಜ ತಂದು ಬಿತ್ತಿಸಿತಲ್ಲ, ಧಾರವಾಡ-ಅಮೆರಿಕನ್ ಹತ್ತಿ ಅಂತ? 1861ರಲ್ಲಿ ಇಲ್ಲಿ ಅಂತರ್ಯುದ್ಧ ಶುರುವಾಗಿ ಇಂಗ್ಲೆಂಡಿನ ಲಂಕಾಶೈರ್ ಗಿರಣಿಗಳಿಗೆ ಇವರ ಹತ್ತಿ ನಿಂತಾಗ ರೇಟು ಬಂದಿದ್ದು ಅದಕ್ಕೇ. ನಮ್ಮ ಅಜ್ಜನ ಮನೆಯ ಕಲ್ಲಿನ ಕಟ್ಟೆ ಆ ದುಡ್ಡಿನದು ಅಂತ ಹೇಳ್ತಿದ್ದರು. ಇರಲಿ. ಪಿಯರ್ ಗ್ಯಾರಂಟಿ ಮುಂದಿನ ಮಾಲೀಕರಿಗೆ ವರ್ಗ ಆಗುತ್ತಾ ಅಂತ ಬರೆಸಿಕೊಳ್ಳಿ.

ಬಯೂ_ಭಟ್ಟ
ಅದಕ್ಕೇ ಹೇಳೋದು ಹ್ಯೂಸ್ಟನ್‌ಗೆ ಬನ್ನಿ ಅಂತ. ಡಲ್ಲಾಸಿನವರಿಗೆ ಮನೆ ಬಿಟ್ಟರೆ ಮಾತಿಲ್ಲ ಮಾರಾಯ್ರೆ. ಇಲ್ಲಿ ಊಟ, ಜನ, ದೇವಸ್ಥಾನ, ಆಸ್ಪತ್ರೆ ಎಲ್ಲ ಉಂಟು. ಪೇರ್‌ಲ್ಯಾಂಡಿನ ಮೀನಾಕ್ಷಿ ದೇವಸ್ಥಾನ ನೋಡಿದ್ದೀರಾ?

ಹಾರ್ವೆ ಚಂಡಮಾರುತದಲ್ಲಿ ನಮಗೂ ನೀರು ನುಗ್ಗಿತು, ಮುಚ್ಚಿಡಲ್ಲ. 2017ರ ಆಗಸ್ಟ್. ರಾಜ್ಯದಲ್ಲಿ ಒಂದು ಕಡೆ 60 ಇಂಚು ಮಳೆ. ನಮ್ಮ ಮನೆ ಬಾರ್ಕರ್ ಜಲಾಶಯದ ಹಿಂಭಾಗದಲ್ಲಿ. 1929, 1935ರಲ್ಲಿ ಪ್ರವಾಹ ಬಂದು ಪೇಟೆ ಮುಳುಗಿದ ಮೇಲೆ 1940ರ ದಶಕದಲ್ಲಿ ಬಾರ್ಕರ್, ಆಡಿಕ್ಸ್ ಎರಡು ಕಟ್ಟೆ ಕಟ್ಟಿದರು. ಕಟ್ಟೆ ತುಂಬಿದರೆ ನೀರು ನಿಲ್ಲುವ ಜಾಗವನ್ನೆಲ್ಲ ಸರ್ಕಾರ ಕೊಂಡುಕೊಳ್ಳಲಿಲ್ಲ. ಉಳಿದದ್ದರಲ್ಲಿ ನಾವು! ಪ್ಲಾಟಿನ ನಕ್ಷೆಯಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿತ್ತು, ಬಿಲ್ಡರ್ ಬಾಯಿ ಬಿಡಲಿಲ್ಲ. ಫ್ಲಡ್ ಇನ್ಶೂರೆನ್ಸ್ ಬೇಕಿಲ್ಲ ಅಂತ ಬ್ಯಾಂಕಿನವರೇ ಹೇಳಿದ್ದು. ಗೋಡೆಯನ್ನು ನಾಲ್ಕಡಿವರೆಗೆ ಕತ್ತರಿಸಿ ತೆಗೆಸಿದ್ದಕ್ಕೆ 11,000, ನೆಲಕ್ಕೆ 14,500, ಅಡುಗೆಮನೆ ಕಪಾಟಿಗೆ 9,000, ಎರಡು ಕಾರು ಹೋದದ್ದು ಲೆಕ್ಕಕ್ಕೇ ಇಲ್ಲ. ಆದರೂ ಆ ರಾತ್ರಿ ಗುರುತಿಲ್ಲದ ಒಬ್ಬ ದೋಣಿ ತಂದು ನನ್ನ ಅಮ್ಮನನ್ನು ಎತ್ತಿಕೊಂಡು ಹೋದ. ಪಿಕಪ್‌ಗೆ ಬಂದೂಕಿನ ಸ್ಟಿಕರ್ ಅಂಟಿಸಿಕೊಂಡ ಮನುಷ್ಯ. ಅದನ್ನು ನೀವು ನ್ಯೂಜೆರ್ಸಿಯಲ್ಲಿ ಹುಡುಕಿ.

ತೆರಿಗೆ_ತಜ್ಞೆ
@ಬಯೂ_ಭಟ್ಟ, ಹ್ಯೂಸ್ಟನ್ ಮುಳುಗೋದು ಬರೀ ಮಳೆಯಿಂದ ಅಲ್ಲ. ಎಲ್ಲಿ ಏನು ಬೇಕಾದರೂ ಕಟ್ಟಬಹುದು. ವಲಯ ನಿಯಮ ಬೇಕಾ ಅಂತ 1948, 1962, 1993ರಲ್ಲಿ ವೋಟಿಗೆ ಹಾಕಿದರು, ಮೂರು ಸಲವೂ ಬೇಡ ಅಂದರು. ದೇಶದಲ್ಲಿ ಇಷ್ಟು ದೊಡ್ಡ ಊರು ಹೀಗೆ ಇನ್ನೊಂದಿಲ್ಲ.

ಮೇಡಂ, 'ಟೆಕ್ಸಾಸ್ ರಾಜ್ಯದ ಇನ್‌ಕಮ್ ಟ್ಯಾಕ್ಸ್ ಇಲ್ಲ' ಅಂತ ಯಾರಾದರೂ ಕುಣಿದರೆ ನನ್ನ ಬಿಲ್ ತೋರಿಸಿ. ಮನೆಯ ಬೆಲೆ 6,10,000 ಅಂತ ಕಟ್ಟಿದ್ದಾರೆ. ಶಾಲೆಗೆ 5,170, ಕೌಂಟಿಗೆ 1,950, ಎಂಯುಡಿಗೆ 4,270. ಒಟ್ಟು 11,390. ಎಚ್‌ಓಎಗೆ, ಅಂದರೆ ಬಡಾವಣೆಯ ಮನೆ ಮಾಲೀಕರ ಸಂಘಕ್ಕೆ, 1,400 ಬೇರೆ, ಟೋಲ್ ಬೇರೆ. ಎಂಯುಡಿ ಅಂದರೆ ಊರ ಹೊರಗೆ ನೀರು, ಚರಂಡಿ ಹಾಕಲು ಬಿಲ್ಡರ್ ಪರವಾಗಿ ಸಾಲ ಎತ್ತುವ ಸ್ಥಳೀಯ ಸಂಸ್ಥೆ. ತೀರಿಸುವವರು ನಾವು.

ಇದಕ್ಕೆ ಮೂಲ 1876ರ ಸಂವಿಧಾನ. ಅಂತರ್ಯುದ್ಧದ ನಂತರ ಬಂದ ಗವರ್ನರ್ ಎಡ್ಮಂಡ್ ಡೇವಿಸ್ ಮೇಲಿನ ಸಿಟ್ಟಿಗೆ ಬರೆದದ್ದು. ಸರ್ಕಾರದ ಕೈಕಾಲು ಕಟ್ಟಿಬಿಟ್ಟರು. ಶಾಸನಸಭೆ ಇವತ್ತಿಗೂ ಎರಡು ವರ್ಷಕ್ಕೊಮ್ಮೆ, 140 ದಿನ. ಸಣ್ಣಪುಟ್ಟದಕ್ಕೂ ತಿದ್ದುಪಡಿ, ಈಗಾಗಲೇ 500 ದಾಟಿದೆ. 2019ರಲ್ಲಿ ಇನ್‌ಕಮ್ ಟ್ಯಾಕ್ಸ್ ಹಾಕದಂತೆ ಅದರಲ್ಲೇ ಬರೆದರು. ಶಾಲೆ ನಡೆಸಲು ಮನೆಯ ಮೇಲೆ ಬೀಳದೆ ಇನ್ನೆಲ್ಲಿ ಬೀಳ್ತಾರೆ? ಬಡ ಊರಿನ ಶಾಲೆಗೆ ದುಡ್ಡಿಲ್ಲ ಅಂತ ಸ್ಯಾನ್ ಆಂಟೋನಿಯೋದ ಎಡ್ಜ್‌ವುಡ್‌ನವರು ಕೋರ್ಟಿಗೆ ಹೋಗಿ 1989ರಲ್ಲಿ ಗೆದ್ದರು. 1993ರಿಂದ ಶ್ರೀಮಂತ ಊರುಗಳ ಶಾಲೆ ತೆರಿಗೆಯಲ್ಲಿ ಒಂದು ಪಾಲು ರಾಜ್ಯಕ್ಕೆ. ಇದಕ್ಕೇ 'ರಾಬಿನ್ ಹುಡ್' ಅನ್ನೋದು.

ಒಂಟಿನಕ್ಷತ್ರ
ತಜ್ಞೆಯವರೇ, ನ್ಯೂಜೆರ್ಸಿಯಲ್ಲಿ ಇನ್‌ಕಮ್ ಟ್ಯಾಕ್ಸ್, ಮನೆ ತೆರಿಗೆ ಎರಡೂ ಕಟ್ಟಬೇಕು, ಅದನ್ನು ಯಾಕೆ ಹೇಳಲ್ಲ? ನಾನು ಇಲ್ಲಿಗೆ ಬಂದಾಗ ಕೈಯಲ್ಲಿ ಎರಡು ಸೂಟ್‌ಕೇಸ್. ರಿಚರ್ಡ್‌ಸನ್‌ನಲ್ಲಿ ಮನೆ, ಮಗ ಯೂನಿವರ್ಸಿಟಿಯಲ್ಲಿ. ಸರ್ಕಾರ ಕೈಕಾಲು ಕಟ್ಟಿಕೊಂಡಿದ್ದಕ್ಕೇ ಕಂಪನಿಗಳು ಬರ್ತಿವೆ. 1930ರಲ್ಲಿ ಎಣ್ಣೆ ಹುಡುಕಲು ಶುರುವಾದ ಒಂದು ಕಂಪನಿಯೇ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಆಯಿತು, 1958ರಲ್ಲಿ ಅಲ್ಲೇ ಜಾಕ್ ಕಿಲ್ಬಿ ಚಿಪ್ ಮಾಡಿದ್ದು, 1985ರಲ್ಲಿ ಬೆಂಗಳೂರಿಗೆ ಬಂದದ್ದೂ ಅವರೇ. ನಮ್ಮ ಅರ್ಧ ಜನ ಇಲ್ಲಿರೋದು ಆ ದಾರಿಯಲ್ಲಿ. ಗೊಣಗುವವರು ವಾಪಸ್ ಹೋಗಲಿ.

ಮಗಳಿಗೆ ಸ್ಯಾನ್ ಆಂಟೋನಿಯೋದ ಆಲಮೋ ಕೋಟೆ ತೋರಿಸಿ. 1836. ಮೆಕ್ಸಿಕೋ ಸೈನ್ಯದ ವಿರುದ್ಧ ಟೆಕ್ಸಾಸ್ ಸ್ವಾತಂತ್ರ್ಯಕ್ಕಾಗಿ ಪ್ರಾಣ ಕೊಟ್ಟವರು. ಬೇರೆ ಯಾವ ರಾಜ್ಯಕ್ಕಿದೆ ಇಂಥ ಕಥೆ?

ಶಾರದೆ_ಶುಗರ್‌ಲ್ಯಾಂಡ್
@ಒಂಟಿನಕ್ಷತ್ರ ಅಣ್ಣ, ಯಾರ ಸ್ವಾತಂತ್ರ್ಯ? ಆಗ ಟೆಕ್ಸಾಸ್ ಇದ್ದದ್ದು ಮೆಕ್ಸಿಕೋದಲ್ಲಿ. ಮೆಕ್ಸಿಕೋ 1829ರಲ್ಲೇ ಗುಲಾಮಗಿರಿ ನಿಲ್ಲಿಸಿತು. ಇಲ್ಲಿಗೆ ಬಂದ ಬಿಳಿಯರು ಗಲಾಟೆ ಮಾಡಿ ಟೆಕ್ಸಾಸ್‌ಗೆ ವಿನಾಯಿತಿ ತೆಗೆಸಿಕೊಂಡರು. ಗುಲಾಮರ ಹೆಬ್ಬೆಟ್ಟು ಒತ್ತಿಸಿ 99 ವರ್ಷದ ಕೂಲಿ ಕರಾರು ಅಂತ ಕಾಗದ ಮಾಡಿದರು. 1836ರಲ್ಲಿ ಟೆಕ್ಸಾಸ್ ಬೇರೆ ದೇಶ ಆದ ತಕ್ಷಣ ಬರೆದ ಸಂವಿಧಾನದಲ್ಲಿ, ಸ್ವತಂತ್ರ ಕರಿಯರು ಸಂಸತ್ತಿನ ಒಪ್ಪಿಗೆ ಇಲ್ಲದೆ ಇಲ್ಲಿ ಕಾಯಂ ವಾಸ ಮಾಡುವ ಹಾಗಿಲ್ಲ. 1860ರ ಹೊತ್ತಿಗೆ ರಾಜ್ಯದ ಜನರಲ್ಲಿ ಸುಮಾರು 30 ಪರ್ಸೆಂಟ್ ಗುಲಾಮರು.

ನನ್ನ ಮಗಳು ನಾಲ್ಕನೇ ಕ್ಲಾಸಿನಲ್ಲಿ ಆಲಮೋ ಪ್ರಾಜೆಕ್ಟ್ ಮಾಡಿದಳು. ಥರ್ಮೋಕೋಲ್, ಮರಳು ಬಣ್ಣ, ಗೊಂಬೆ ಸಿಪಾಯಿಗಳು, 64 ಡಾಲರ್. ಒಳಗೆ ಸತ್ತವರಲ್ಲಿ ಗ್ರೆಗೋರಿಯೋ ಎಸ್ಪಾರ್ಸಾನಂಥ ಮೆಕ್ಸಿಕನ್ ಮೂಲದವರೂ ಇದ್ದರು ಅಂತ ಒಂದು ಚೀಟಿ ಅಂಟಿಸಿದ್ದಳು. ಟೀಚರ್ 'ಇದು ರುಬ್ರಿಕ್‌ನಲ್ಲಿ (ಮಾರ್ಕ್ಸ್ ಕೊಡುವ ಪಟ್ಟಿ) ಇಲ್ಲ' ಅಂತ ಬರೆದು ಕಳಿಸಿದರು. ಎರಡು ಮಾರ್ಕ್ಸ್ ಹೋಯಿತು. ಇವತ್ತಿಗೂ ಆ ಹಾಳೆ ನನ್ನ ಹತ್ತಿರ ಇದೆ.

ನಮ್ಮೂರಿನದು ಇನ್ನೂ ಕೇಳಿ. ಸಕ್ಕರೆ ಊರು ಅಂತ ಚೆಂದದ ಹೆಸರು. 2018ರಲ್ಲಿ ಇಲ್ಲಿ ಹೊಸ ಶಾಲೆ ಕಟ್ಟಲು ನೆಲ ಅಗೆದಾಗ 95 ಜನರ ಅಸ್ಥಿ ಸಿಕ್ಕಿತು. ಗುಲಾಮಗಿರಿ ಹೋದ ಮೇಲೆ ಸರ್ಕಾರ ಕೈದಿಗಳನ್ನು ಕಬ್ಬಿನ ತೋಟಗಳಿಗೆ ಬಾಡಿಗೆಗೆ ಕೊಡುತ್ತಿತ್ತಲ್ಲ, ಅವರು. ಹೆಚ್ಚಿನವರು ಕರಿಯರು, ಹುಡುಗರೂ ಇದ್ದರು. ನಾವು ಸಂಜೆ ವಾಕಿಂಗ್ ಹೋಗುವ ಕಡೆಯೆಲ್ಲ ಆಗ ತೋಟವೇ.

ಒಂಟಿನಕ್ಷತ್ರ
ಎಲ್ಲದರಲ್ಲೂ ಕಲ್ಲು ಹುಡುಕಬೇಡಿ. ಸ್ಯಾಮ್ ಹ್ಯೂಸ್ಟನ್ ಗೊತ್ತಾ? 1861ರಲ್ಲಿ ಅಮೆರಿಕದಿಂದ ಸಿಡಿದ ದಕ್ಷಿಣದ ಒಕ್ಕೂಟಕ್ಕೆ ಪ್ರಮಾಣ ಮಾಡಲ್ಲ ಅಂದ. ಗವರ್ನರ್ ಕುರ್ಚಿ ಹೋಯಿತು. ಅವನೂ ಟೆಕ್ಸಾಸಿನವನೇ.

ಶಾರದೆ_ಶುಗರ್‌ಲ್ಯಾಂಡ್
ಅವನಿಗೂ ಗುಲಾಮರಿದ್ದರು ಅಣ್ಣ. ಅದೂ ಬರೆಯಿರಿ.

ಮಲ್ಲಿಗೆ_ಎಡಿಸನ್
ಎಲ್ಲರಿಗೂ ಥ್ಯಾಂಕ್ಸ್. ಅತ್ತೆ ವಿಷಯ ಯಾರೂ ಹೇಳಲಿಲ್ಲ. ನಡೆದು ಹೋಗುವ ದೂರದಲ್ಲಿ ಅಂಗಡಿ, ಪಾರ್ಕು ಇರುವ ಏರಿಯಾ ಯಾವುದು?

ಚಳಿಜ್ವರ_ಆಸ್ಟಿನ್
ಆಸ್ಟಿನ್ ಪಟ್ಟಿಯಲ್ಲೇ ಇಲ್ಲವಲ್ಲ, ಯಾಕೆ? ಸರಿ, ಎಲ್ಲಿಗೆ ಬಂದರೂ ಕರೆಂಟಿನ ವಿಷಯ ತಿಳಿದು ಬನ್ನಿ. 2021ರ ಫೆಬ್ರವರಿಯ ಚಳಿಯಲ್ಲಿ 45 ಲಕ್ಷಕ್ಕೂ ಹೆಚ್ಚು ಮನೆಗಳಲ್ಲಿ ಕರೆಂಟಿಲ್ಲ. ಸರ್ಕಾರಿ ಲೆಕ್ಕದಲ್ಲೇ 246 ಜನ ಸತ್ತರು. ನಮ್ಮ ಮನೆಯಲ್ಲಿ ಒಳಗೆ 39 ಡಿಗ್ರಿ, ಫ್ಯಾರನ್‌ಹೀಟ್. ಹಿಮ ಬಕೆಟ್ಟಿನಲ್ಲಿ ತಂದು ಕರಗಿಸಿ ಕಮೋಡಿಗೆ ಹಾಕಿದೆವು. ಅಟ್ಟದ ಪೈಪು ಒಡೆದು ಸೂರು ಬಿತ್ತು. ಪ್ಲಂಬರ್ ಗಂಟೆಗೆ 350 ಕೇಳಿದ, ಕೊಟ್ಟೆ. ಡಲ್ಲಾಸಿನಲ್ಲಿ ನನ್ನ ತಮ್ಮ ಸಗಟು ದರದ ಪ್ಲಾನಿನಲ್ಲಿದ್ದ. ಯೂನಿಟ್ಟಿಗೆ 9 ಡಾಲರ್ ಹತ್ತಿರ ಹೋಯಿತು. ಒಂದೇ ವಾರದಲ್ಲಿ ಕಾರ್ಡಿನಿಂದ 2,870 ಡಾಲರ್ ಎಳೆದುಕೊಂಡರು.

ಯಾಕೆ ಅಂದರೆ ಹಠ. 1935ರಲ್ಲಿ ಒಂದು ರಾಜ್ಯದಿಂದ ಇನ್ನೊಂದಕ್ಕೆ ಮಾರುವ ಕರೆಂಟಿನ ಮೇಲೆ ಕೇಂದ್ರದ ಕಾನೂನು ಬಂತು. ಇಲ್ಲಿನ ಕಂಪನಿಗಳು ಗಡಿ ದಾಟಿ ತಂತಿ ಎಳೆಯದೆ ತಪ್ಪಿಸಿಕೊಂಡವು. ರಾಜ್ಯದ ಕರೆಂಟ್ ಜಾಲ ನೋಡಿಕೊಳ್ಳುವ ಈಗಿನ ಎರ್ಕಾಟ್ ಬಂದದ್ದು 1970ರಲ್ಲಿ. ಪಕ್ಕದವರಿಂದ ತರೋಣ ಅಂದರೆ ತಂತಿಯೇ ಸಾಲದು. ಪಶ್ಚಿಮ ತುದಿಯ ಎಲ್ ಪಾಸೋ ಊರು ಈ ಜಾಲದಲ್ಲಿ ಇಲ್ಲ. 2011ರ ಚಳಿ ಆದ ಮೇಲೆ ತಮ್ಮ ಘಟಕಗಳನ್ನು ಅವರು ಗಟ್ಟಿ ಮಾಡಿಕೊಂಡಿದ್ದರು. ಅಲ್ಲಿ ಹೆಚ್ಚಿನವರಿಗೆ ಏನೂ ಆಗಲಿಲ್ಲ.

ಬಯೂ_ಭಟ್ಟ
ಸಗಟು ದರದ ಪ್ಲಾನು ತಗೊಂಡಾಗ ವರ್ಷಪೂರ್ತಿ ಕಡಿಮೆ ಬಿಲ್ ಕಟ್ಟಿ ಖುಷಿಪಟ್ಟಿದ್ದು ಯಾರು? ಆಗ ಕೇಂದ್ರ ಸರ್ಕಾರ ನೆನಪಾಗಲಿಲ್ಲ.

ಚಳಿಜ್ವರ_ಆಸ್ಟಿನ್
ಜಲಾಶಯದೊಳಗೆ ಮನೆ ತಗೊಂಡವರು ಉಪದೇಶ ಮಾಡಬೇಡಿ ಸ್ವಾಮಿ.

ಬಯೂ_ಭಟ್ಟ
ಸುಮ್ನೆ ಕೆಣಕಬೇಡಿ. 1900ರಲ್ಲಿ ಗಾಲ್ವೆಸ್ಟನ್ ಕೊಚ್ಚಿ ಹೋಗಿ ಕಡಿಮೆ ಅಂದರೂ 6,000 ಜನ ಸತ್ತಾಗ ಅಲ್ಲಿನವರು ಊರಿನ ನೆಲವನ್ನೇ ಎತ್ತರಿಸಿದರು. ಹ್ಯೂಸ್ಟನ್ ಕಾಲುವೆ ಅಗೆದು 1914ರಲ್ಲಿ ಬಂದರು ತೆರೆಯಿತು. ನಾವು ಓಡಿ ಹೋಗುವವರಲ್ಲ.

ಕಾಲೇಜಪ್ಪ
ಶಾಲೆ ಬಗ್ಗೆ ಮುಖ್ಯವಾದದ್ದೇ ಬಂದಿಲ್ಲ. 1997ರ ಕಾನೂನು. ಕ್ಲಾಸಿನಲ್ಲಿ ಮೇಲಿನ 10 ಪರ್ಸೆಂಟ್ ಬಂದವರಿಗೆ ರಾಜ್ಯದ ಯೂನಿವರ್ಸಿಟಿ ಸೀಟು. ಜಾತಿ-ಜನಾಂಗ ನೋಡಿ ಸೀಟು ಕೊಡಬಾರದು ಅಂತ 1996ರಲ್ಲಿ ಕೋರ್ಟು ಹೇಳಿದ ಮೇಲೆ ಹಳ್ಳಿ ಮಕ್ಕಳಿಗೂ ಬಡ ಏರಿಯಾದವರಿಗೂ ಜಾಗ ಸಿಗಲಿ ಅಂತ ಮಾಡಿದ್ದು. ಆಸ್ಟಿನ್ ಕ್ಯಾಂಪಸ್ಸಿಗೆ ಇಷ್ಟೂ ಜನ ಹಿಡಿಸಲ್ಲ. ಅಲ್ಲಿ 6 ಆಯಿತು, 2026ರಿಂದ 5. ನಾವು 'ಒಳ್ಳೆ ಶಾಲೆ' ಅಂತ ಫ್ರಿಸ್ಕೋದಲ್ಲಿ 1,20,000 ಜಾಸ್ತಿ ಕೊಟ್ಟು ಮನೆ ತಗೊಂಡೆವು. ಆ ಕ್ಲಾಸಿನಲ್ಲಿ ಎಲ್ಲರೂ ನಮ್ಮ ಮಕ್ಕಳೇ, ಎಲ್ಲರಿಗೂ 98. ನನ್ನ ಮಗಳು 11ನೇ ಪರ್ಸೆಂಟಿನಲ್ಲಿ ನಿಂತಳು. ಹೊರ ರಾಜ್ಯಕ್ಕೆ ಕಳಿಸಿದೆ, ವರ್ಷಕ್ಕೆ 58,000. ನಮ್ಮ ಮನೆ ಕೆಲಸಕ್ಕೆ ಬರುವಾಕೆಯ ಮಗ ಬೇರೆ ಏರಿಯಾದ ಶಾಲೆಯಿಂದ ಆಸ್ಟಿನ್‌ಗೆ ಹೋದ.

ಶಾರದೆ_ಶುಗರ್‌ಲ್ಯಾಂಡ್
ಅವನು ಹೋದದ್ದು ನಿಮಗೆ ನೋವಾ? ಕಾನೂನು ಮಾಡಿದ್ದೇ ಅದಕ್ಕಲ್ವಾ?

ಕಾಲೇಜಪ್ಪ
ನೋವು ಅಂತ ನಾನು ಹೇಳಿದೆನಾ? ಖರ್ಚು ಹೇಳಿದೆ.

ತೆರಿಗೆ_ತಜ್ಞೆ
ರಾಜಕೀಯ ಕೇಳಿದ್ದರಿಂದ ಒಂದು ಮಾತು. ಇಲ್ಲಿ ವೋಟರ್ ಲಿಸ್ಟಿನಲ್ಲಿ ಪಕ್ಷ ಬರೆಸುವುದಿಲ್ಲ. ಪಕ್ಷಗಳು ಅಭ್ಯರ್ಥಿ ಆರಿಸುವ ಮಾರ್ಚಿನ ಪ್ರೈಮರಿಯಲ್ಲಿ ಯಾವ ಪಕ್ಷದ್ದಕ್ಕಾದರೂ ಹೋಗಿ ಹಾಕಬಹುದು, ಒಂದಕ್ಕೆ ಮಾತ್ರ. ನಮ್ಮವರು ನವೆಂಬರಿನಲ್ಲಿ ಮಾತ್ರ ಹೋಗಿ ಸೆಲ್ಫಿ ಹಾಕ್ತಾರೆ. 1994ರ ನಂತರ ರಾಜ್ಯಮಟ್ಟದ ಒಂದು ಹುದ್ದೆಯೂ ಡೆಮಾಕ್ರಟರಿಗೆ ಸಿಕ್ಕಿಲ್ಲ. ಅಂದರೆ ನಿಜವಾದ ಆಯ್ಕೆ ಆಗೋದು ಮಾರ್ಚಿನಲ್ಲೇ, ರಿಪಬ್ಲಿಕನ್ನರ ಪ್ರೈಮರಿಯಲ್ಲಿ. ಹಿಂದೆ ಇದೇ ಆಟ ಡೆಮಾಕ್ರಟರದಾಗಿತ್ತು. ಅವರ ಪ್ರೈಮರಿಗೆ ಕರಿಯರನ್ನು ಬಿಡುತ್ತಲೇ ಇರಲಿಲ್ಲ. ಹ್ಯೂಸ್ಟನ್ನಿನ ಹಲ್ಲಿನ ಡಾಕ್ಟರು ಲಾನಿ ಸ್ಮಿತ್ ಕೇಸು ಹಾಕಿ 1944ರಲ್ಲಿ ಅದನ್ನು ತೆಗೆಸಿದರು.

ಒಂಟಿನಕ್ಷತ್ರ
ಇಷ್ಟೆಲ್ಲ ಗೊತ್ತಿದ್ದೂ ತೆರಿಗೆಗೆ ಕಟ್ಟಿದ ಮನೆ ಬೆಲೆಯ ಮೇಲೆ ಪ್ರೊಟೆಸ್ಟ್ (ಆಕ್ಷೇಪಣೆ) ಹಾಕಿಲ್ಲ ಅನ್ನಿಸುತ್ತೆ, ಇಲ್ಲದಿದ್ದರೆ 6,10,000 ಯಾಕೆ ಬರುತ್ತಿತ್ತು?

ತೆರಿಗೆ_ತಜ್ಞೆ
ಪ್ರತಿ ವರ್ಷ ಹಾಕ್ತೇನೆ. ಆಲಿಕಲ್ಲು ಬಿದ್ದ ಸೂರಿನ ಫೋಟೋ, ಪಕ್ಕದ ಮೂರು ಮನೆಗಳ ಮಾರಾಟದ ಬೆಲೆ, ಎಲ್ಲ ಕೊಟ್ಟೆ. 14,000 ಇಳಿಸಿದರು. ಸೂರಿಗೆ ಖರ್ಚಾದದ್ದು 19,000. ಇನ್ಶೂರೆನ್ಸಿನಲ್ಲಿ ಮನೆಗೆ ಮಾಡಿಸಿದ ವಿಮೆ ಮೊತ್ತದ 2 ಪರ್ಸೆಂಟ್ ಮೊದಲು ನಮ್ಮ ಕೈಯಿಂದ, ಅಂದರೆ 8,000.

ಎರೆಭೂಮಿ_ಪ್ಲೇನೋ
ಸೂರಿನ ಫೋಟೋ ಯಾರೂ ನೋಡಲ್ಲ ಮೇಡಂ. ಫೌಂಡೇಶನ್ ಇಂಜಿನಿಯರ್ ರಿಪೋರ್ಟ್ ಕೊಡಿ. ನನಗೆ 41,000 ಇಳಿಯಿತು. ಮೇ 15ರ ಒಳಗೆ ಹಾಕಬೇಕು.

ತೆರಿಗೆ_ತಜ್ಞೆ
ನನ್ನ ಫೌಂಡೇಶನ್ ಚೆನ್ನಾಗಿದೆ ಸರ್.

ಎರೆಭೂಮಿ_ಪ್ಲೇನೋ
ಬಾಗಿಲು ಎಲ್ಲ ಸರಿಯಾಗಿ ಮುಚ್ಚುತ್ತಾ? ಮೇಲಿನ ಮೂಲೆ ನೋಡಿ ಹೇಳಿ.